ತೆಳುವಾಗಿ ಬೆರೆಸುವ ಕೈ

ಬೊಂಡಾಸ ಮೀನಿನ ದೋಣಿಗಳು ದೀಪ ಹಚ್ಚಿಕೊಂಡು ಹೊರಡುವ ಹೊತ್ತು, ಶರತ್ಕಾಲ ಆಗತಾನೇ ಕಾಲಿಟ್ಟಿತ್ತು, ಬಾಗಿಲ ಸಂದಿಯಿಂದ ಡೀಸೆಲ್ ವಾಸನೆ ಬಂತು, ಇವಾಬುಚಿ ಬಂದನೆಂದು ಸುಮಿಯೆಗೆ ತಲೆಯೆತ್ತದೆಯೇ ತಿಳಿಯಿತು — ದೋಣಿಗಳ ಎಂಜಿನ್ ರಿಪೇರಿಯವನು, ಎಷ್ಟು ತಿಕ್ಕಿದರೂ ಆ ವಾಸನೆ ಅವನನ್ನು ಬಿಡದು, ಬಿಡುವುದೂ ಬೇಡ, ಅವಳ ಕೈ ಆಗಲೇ ಹಿಂದಿನ ಕಪಾಟಿಗೆ ಹೋಗಿತ್ತು, ಗಿರಾಕಿಗಳ ಹೆಸರಿನ ಚೀಟಿ ಕೊರಳಿಗೆ ಕಟ್ಟಿಕೊಂಡು ನಿಂತ ಶೋಚು ಸಾರಾಯಿಯ ಬಾಟ್ಲಿಗಳು, ಕೊಂಡವರು ಕುಡಿದಷ್ಟು ಕುಡಿದು ಮಿಕ್ಕಿದ್ದನ್ನು ಇಲ್ಲೇ ಬಿಟ್ಟು ಹೋಗುತ್ತಾರೆ, ಬಾಟ್ಲೀಲಿ ಉಳಿದಿರೋತನಕ ಗಂಡಸು ಎಲ್ಲಿಗೂ ಹೋಗಲ್ಲ ಕಣೇ ಎಂದಿದ್ದಳು ಈ ಬಾರನ್ನು ಇವಳ ಕೈಗಿಟ್ಟು ಸತ್ತ ಟೋಮೆ ಅಜ್ಜಿ, ಹಾಗಂತ ಉಳಿಸಿಕೊಂಡೇ ಕೂತ್ರೆ ಮಣ್ಣು ತಿಂತೀಯ, ಗಟ್ಟಿಯಾಗಿ ಬೆರೆಸು, ನೀನೂ ಒಂದು ಲೋಟ ಕೇಳಿ ಕುಡಿ, ಮುಗಿಯೋಕೆ ಮುಂಚೆ ಹೊಸದರ ಮುಚ್ಚಳ ತೆಗಿ — ಹಾಗೇ ಮಾಡಿದಳು, ಮೀನು ಹರಾಜಿನ ಹಿರೋಸೆಗೆ ಕೈತುಂಬ ಸುರಿದಳು, ಅವನ ಮಗಳ ಪರೀಕ್ಷೆ ನೆನಪಿಟ್ಟು ವಿಚಾರಿಸಿದಳು, ಅವನ ಕೆಟ್ಟ ಹಾಡಿಗೂ ಚಪ್ಪಾಳೆ ತಟ್ಟಿದಳು, ಹೊರಟವರನ್ನು ಬೀದಿ ತಿರುವಿನತನಕ ಕಳಿಸಿ ಸೊಂಟ ಬಗ್ಗಿಸಿ ನಮಸ್ಕರಿಸಿದಳು, ಬಂದರಿನ ಬೀದಿಯ ಬೇರೆ ಬಾರುಗಳು ಬಾಗಿಲೆಳೆದುಕೊಂಡರೂ ಇವಳದ್ದು ನಡೆಯಿತು, ಇವಾಬುಚಿಯೊಬ್ಬನಿಗೆ ಮಾತ್ರ ನೀರು ಹೆಚ್ಚು ಮಾಡಿ, ಶೋಚು ಕಡಿಮೆ ಮಾಡಿ, ತೆಳುವಾಗಿ ಬೆರೆಸುತ್ತ ಬಂದಳು, ತಾನು ಅದರಲ್ಲಿ ತೊಟ್ಟೂ ಮುಟ್ಟಲಿಲ್ಲ, ಬಾಟ್ಲಿ ಮುಗಿಯದಿರಲಿ, ನಾಳೆಯೂ ಬರಲಿ, ಬಾಯಿಬಿಟ್ಟು ಹೇಳುವುದುಂಟೇ, ಬಾರಿನವಳ ಪ್ರೀತಿಯ ಮಾತು ಬಾರಿನ ಮಾತೇ ಆಗಿಬಿಡುತ್ತದಲ್ಲ, ಕೈಯೇ ಹೇಳಲಿ ಎಂದುಕೊಂಡಳು —

ಇವತ್ತು ಗಟ್ಟಿಯಾಗಿ ಹಾಕು ಸುಮಿಯೆ, ತಳ ಕಾಣ್ಲಿ, ಅಂದ ಇವಾಬುಚಿ, ಏನೋ, ಲಾಟರಿ ಹೊಡೀತಾ ಅಂದ ಹಿರೋಸೆ, ಲಾಟರಿ ಅಲ್ಲ ಮಾರಾಯ, ಮದುವೆ, ಕಗೋಶಿಮಾ ಪಟ್ಟಣದಲ್ಲಿ ತೋಫು ಅಂಗಡಿಯವಳು, ಗಂಡ ಇಲ್ಲ, ಅಲ್ಲಿಗೇ ಹೋಗ್ತಿದೀನಿ, ಈ ವಯಸ್ಸಲ್ಲಾ, ಈ ವಯಸ್ಸಲ್ಲೇ ಕಣೋ, ಮಂಡಿಗೆ ಎಣ್ಣೆ ತಿಕ್ಕೋರು ಬೇಕಲ್ಲ — ನಗು, ಚಪ್ಪಾಳೆ, ಅವಳದ್ದೂ ಚಪ್ಪಾಳೆ, ಸುರಿಯುತ್ತಿದೆ ಕೈ, ತಳ ಕಾಣುತ್ತಿದೆ, ಈಗಾದ್ರೂ ಹೇಳು ಸುಮಿಯೆ, ಅಂದ ಇವಾಬುಚಿ, ಎಲ್ರಿಗೂ ಧಾರಾಳ ನಿನ್ನ ಕೈ, ನನಗೆ ಮಾತ್ರ ಯಾಕೆ ನೀರು, ಬೇಗ ಎದ್ದು ಹೋಗ್ಲಿ ಅಂತ ತಾನೆ, ನನಗೂ ಗೊತ್ತಾಗ್ತಿತ್ತು, ಅದಕ್ಕೇ ನಿನ್ನನ್ನ ಒಂದು ಮಾತು ಕೇಳ್ಬೇಕು ಅಂತಿದ್ದೋನು ಕೇಳ್ಲಿಲ್ಲ, ನೀರು ಕುಡಿದೇ ಇಷ್ಟು ವರ್ಷ ಬಂದ್ಯಲ್ಲೋ ಕತ್ತೆ ಅಂದ ಹಿರೋಸೆ, ಯಾವ ಮಾತು, ಯಾವ ಮಾತು ಕೇಳಬೇಕಿತ್ತು ಎಂದು ಕೇಳುವ ಬದಲು ಸುಮಿಯೆಯ ನಾಲಗೆ ಆಡಿದ್ದು, ನೀರಾದರೆ ಪುಕ್ಕಟೆ ಅಲ್ಲವೇನಪ್ಪ, ಎಲ್ಲರೂ ನಕ್ಕರು, ಅವನೂ, ಅವನ ನಗು ಒಂದು ಗಳಿಗೆ ತಡವಾಗಿ — ಸುಡಲಿ ಈ ಬಾಯಿ, ಹೊಸ ಬಾಟ್ಲಿ ಇಳಿಸಿದಳು, ಮುಚ್ಚಳ ತಿರುವಿದಳು, ನನ್ನ ಕಡೆಯಿಂದ ಇದು, ನಿನ್ನ ಹೆಸರು ಕಟ್ಟಿಡ್ತೀನಿ, ಬಂದಾಗ ಕುಡಿ, ಬಗ್ಗಿಸಿದಳು, ಲೋಟದ ಬಾಯಿಯ ಮೇಲೆ ಅವನ ಅಂಗೈ ಬಂದು ಮುಚ್ಚಿತು, ಬೇಡ ಸುಮಿಯೆ, ಇಲ್ಲಿ ಏನಾದ್ರೂ ಉಳಿಸಿ ಹೋದ್ರೆ ಅವಳಿಗೆ ಮೋಸ ಮಾಡ್ದಂಗೆ, ಅಂಗೈ ಮೆತ್ತಗೆ, ಜಗಳವಿಲ್ಲದೆ, ತಿರುವಿನತನಕ ಹೋದಳು, ಬಗ್ಗಿದಳು, ಕಣ್ಣಿಗೆ ಬೀದಿ ಕಾಣದು, ಅಂಗೈ, ಲೋಟ ತೊಳೆದಳು, ಅಂಗೈ, ದಿನಗಳು ಕಳೆದವು, ಹಿರೋಸೆ ಮೊನ್ನೆಯೂ ಬಂದ, ನಿನ್ನೆಯೂ ಬಂದು ಹೇಳಿದ, ಅಕ್ಕಾ ಅವನು ಹೋದ ಕಣೇ, ನಾನೇ ಸ್ಟೇಷನ್ನಿಗೆ ಬಿಟ್ಟೆ, ಇವಾಬುಚಿ, ಬೆಳಗಿನ ರೈಲಿಗೆ, ಗುರುವಾರ, ಲೋಟದ ಬಾಯಿಯ ಮೇಲೆ ಅಂಗೈ