ಬುಡದ ಗಂಟು

ಸಸಿತೋಟಕ್ಕೆ ಬಂದಿದ್ದ ರೋಗತಪಾಸಣೆಯ ಅಧಿಕಾರಿ ಗುಲಾಬಿ ಗಿಡವೊಂದನ್ನು ಕುಂಡದಿಂದ ಕಿತ್ತು, ಬೇರು ತೊಳೆದು, ಮೇಜಿನ ಮೇಲಿಟ್ಟ. ಕಸಿ ಕೂಡಿದ ಜಾಗದಲ್ಲೇ ನಿಂಬೆಹಣ್ಣಿನ ಗಾತ್ರದ ಒರಟು ಗಂಟು ಬೆಳೆದಿತ್ತು. ನಾನೂರು ಗಿಡಗಳ ಪಾಡೂ ಅದೇ.

"ನಾನ್ ಹೇಳ್ಲಿಲ್ವಾ?" ಎಂದ ತೋಟದ ಯಜಮಾನ. "ಆ ನೀರು ಹಾಕೋಳು ಬೇಕಾಬಿಟ್ಟಿ ಸುರಿದೂ ಸುರಿದೂ ಹಿಂಗಾಗಿದೆ. ಅದಕ್ಕೇ ಸೋಮವಾರ ಕೆಲಸದಿಂದ ತೆಗೆದ್ಬಿಟ್ಟೆ."

ಪಕ್ಕದಲ್ಲಿದ್ದ ಅವನ ತಾಯಿ ಹೌದೆಂದು ತಲೆಯಾಡಿಸಿದಳು. ಎಲ್ಲರ ಬಾಯಲ್ಲೂ ಅವಳು ಕಸಿಯಮ್ಮ. ಮೂವತ್ತು ವರ್ಷದಿಂದ ಅಲ್ಲಿ ಕಸಿಚಾಕು ಹಿಡಿದವಳು ಅವಳೊಬ್ಬಳೇ. ಬೇರೆ ಯಾರಾದರೂ ಮುಟ್ಟಿದರೋ, ಮುಗಿಯಿತು ಅವರ ಕಥೆ. ನೀರು ಹೆಚ್ಚಾಯಿತೆಂದು ಮಗನ ಕಿವಿ ಊದಿದ್ದವಳೂ ಅವಳೇ.

"ನೀರಿಗೂ ಇದಕ್ಕೂ ಸಂಬಂಧ ಇಲ್ಲ ರೀ," ಎಂದ ಅಧಿಕಾರಿ. "ಇದು ರೋಗಾಣು ಕಟ್ಟೋ ಗಂಟು, ಗಾಯದಿಂದ ಒಳಗೆ ಹೋಗತ್ತೆ. ರೋಗದ ಗಿಡ ಕುಯ್ದ ಚಾಕುನ ತೊಳೀದೆ ಇನ್ನೊಂದಕ್ಕೆ ಹಾಕಿದ್ರೆ ಸಾಲಿಗೆ ಸಾಲೇ ಹೋಗತ್ತೆ. ಇಲ್ಲಿ ಕಸಿ ಮಾಡೋರು ಯಾರು?"

ಮಗ ತಾಯಿಯ ಮುಖ ನೋಡಿ, ತಕ್ಷಣ ನೆಲ ನೋಡಿದ. "ಅದು... ಎಲ್ಲರೂ ಮಾಡ್ತಾರೆ."

"ಎಲ್ಲರೂ ಅಂದ್ರೆ ಯಾರೋ? ನಾನೇ ಮಾಡೋದು," ಎಂದಳು ಕಸಿಯಮ್ಮ. ಚಾಕುವನ್ನು ತೊಡೆಗೊಮ್ಮೆ ಒರೆಸಿ ಮುಂದಿನ ಗಿಡಕ್ಕೆ ಹೋಗುವುದು ಅವಳ ರೂಢಿ. ಕೈಚಳಕ ಎಂದು ಜನ ಹೊಗಳಿದ್ದೂ ಆ ವೇಗವನ್ನೇ. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು.

ಗಿಡಗಳನ್ನೆಲ್ಲ ಸುಡಬೇಕೆಂದು ಬರೆದುಕೊಟ್ಟು ಅಧಿಕಾರಿ ಹೋದ.

"ಆದದ್ದಾಯ್ತು ಬಿಡಮ್ಮ," ಎಂದ ಮಗ. "ಆ ನೀರು ಹಾಕೋಳ ಹತ್ರ ಮಾತ್ರ ಹೇಳಕ್ಕೆ ಹೋಗ್ಬೇಡ. ಮರ್ಯಾದೆ ಹೋಗತ್ತೆ."

"ಮಾಡಿದ್ದುಣ್ಣೋ ಮಹರಾಯ ಅಂತಾರೆ. ನಾನು ಮಾಡಿದ್ದನ್ನ ಅವಳು ಉಣ್ಬೇಕೇನೋ?"

ನೀರು ಹಾಕುತ್ತಿದ್ದವಳ ಮನೆ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿತ್ತು. ಕಸಿಯಮ್ಮ ಮೆಟ್ಟಿಲು ಮೆಟ್ಟಿಲಿಗೂ ನಿಂತು ಏದುಸಿರು ಬಿಡುತ್ತ ಹತ್ತಿದಳು. ಬಾಗಿಲು ತೆರೆದವಳ ಕೈಯಲ್ಲಿ ಹಿಂಡಿದ ಬಟ್ಟೆಯಿತ್ತು.

"ಗಿಡ ಕೆಡಿಸಿದ್ದು ನೀನಲ್ಲ ಕಣೇ. ನಾನು, ನನ್ನ ಚಾಕು."

"ಗೊತ್ತು," ಎಂದಳು ಅವಳು, ಬಟ್ಟೆ ಕೊಡವುತ್ತ. "ಹೋದ ವರ್ಷ ಬುಡ ಊದಿದ್ದ ಗಿಡದಿಂದ್ಲೇ ನೀವು ಕಸಿಗೆ ಕಡ್ಡಿ ತೆಗೀತಿದ್ರಿ."

"ಬಾಯಿಬಿಟ್ಟು ಹೇಳಕ್ಕೇನಾಗಿತ್ತೇ ನಿಂಗೆ ಧಾಡಿ?"

"ಹೇಳಿದ್ನಲ್ಲಾ. ನೀರು ಹಾಕೋಳು ನೀರು ಹಾಕು ಅಂದ್ರಿ."

ಹಾಗೆ ಅಂದದ್ದು ಕಸಿಯಮ್ಮನಿಗೆ ನೆನಪಿರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ.

"ತಪ್ಪಾಯ್ತು. ನಾಳೆಯಿಂದ ಬಂದ್ಬಿಡು."

"ಇಲ್ಲ. ಬೇರೆ ಕಡೆ ಬರ್ತೀನಿ ಅಂತ ಒಪ್ಕೊಂಡಾಯ್ತು." ದನಿಯಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಹೊರಡಲು ತಿರುಗಿದ ಕಸಿಯಮ್ಮ ಇಳಿಯಬೇಕಾದ ಮೆಟ್ಟಿಲುಗಳನ್ನು ನೋಡಿ ಗೋಡೆ ಹಿಡಿದಳು. ಒಳಗಿಂದ ಕುರ್ಚಿ ಎಳೆದ ಸದ್ದಾಯಿತು.

"ಕೂತ್ಕೊಳ್ಳಿ."

ತೋಟದಲ್ಲಿ ಅವಳು ನೀರು ಹಾಕಿದ ಹನ್ನೊಂದು ವರ್ಷದಲ್ಲಿ ಕಸಿಯಮ್ಮ ಅವಳಿಗೆ ಒಂದು ದಿನವೂ ಆ ಮಾತು ಹೇಳಿರಲಿಲ್ಲ. ಕುರ್ಚಿಯ ಅಂಚಿನಲ್ಲಿ ಕೂತಳು.