ಬಲೆಯಿಲ್ಲದ ಗೋಲು

ಉರ್ಬಾನೊ ಆ ಮಾತು ಕೊಟ್ಟದ್ದು 1907ರ ವಸಂತದಲ್ಲಿ, ಬಿಲ್ಬಾವೊದಿಂದ ನಮ್ಮೂರು ಬೆರ್ಮೆಯೊಗೆ ಮರಳುತ್ತಿದ್ದ ಮೀನುದೋಣಿಯಲ್ಲಿ.

"ಕನೂತೊ, ನಾನು ಡಾಕ್ಟರಾದ ಮೇಲೆ ನಿನಗೆ ಯಾವತ್ತೂ ಸುಳ್ಳು ಹೇಳಲ್ಲ ಕಣೋ. ಇವತ್ತು ನೀನು ಹೇಳಿದ ಹಾಗೇ ಹೇಳ್ತೀನಿ."

ಅವತ್ತು ಕನೂತೊ ಹೇಳಿದ್ದು ಒಂದೇ ಮಾತು. ಆಗ ನಮ್ಮ ಕಡೆ ಫುಟ್‌ಬಾಲ್ ಗೋಲಿಗೆ ಬಲೆ ಕಟ್ಟುತ್ತಿರಲಿಲ್ಲ. ಎರಡು ಕಂಬ, ಮೇಲೊಂದು ಅಡ್ಡ ಮರ, ಅಷ್ಟೇ. ಪಂದ್ಯ ಮುಗಿಯಲು ಐದು ನಿಮಿಷವಿರುವಾಗ ಬಿಲ್ಬಾವೊದವರು ಒದ್ದ ಚೆಂಡು ಬಲಗಂಬವನ್ನು ಸವರಿಕೊಂಡು ಹೋಗಿ ಹಿಂದಿನ ಕೆಸರಿಗೆ ಬಿತ್ತು. ಕಂಬದ ಒಳಗಿಂದ ಹೋಯಿತೋ ಹೊರಗಿಂದಲೋ ಯಾರಿಗೂ ಕಾಣಲಿಲ್ಲ. ರೆಫರಿ ಏದುಸಿರು ಬಿಡುತ್ತ ಓಡಿಬಂದು ನಮ್ಮ ಗೋಲ್‌ಕೀಪರನನ್ನೇ ಕೇಳಿದ. ಕನೂತೊ ಟೋಪಿ ತೆಗೆದು, "ಒಳಗಿಂದಲೇ ಹೋಯ್ತು ಸ್ವಾಮಿ," ಎಂದ.

ಪಂದ್ಯದ ಕಪ್ ಅವರದಾಯಿತು. ವಾಪಸು ಬರುವಾಗ ಉಳಿದ ಹತ್ತು ಜನ ದೋಣಿಯ ಮುಂಭಾಗದಲ್ಲಿ ಒತ್ತಿಕೊಂಡು ಕೂತರು, ಕನೂತೊ ಒಬ್ಬನೇ ಹಿಂದೆ.

"ಪಾದ್ರಿ ಆಗ್ಬೇಕಿತ್ತು ಕಣೋ ನೀನು!" ಎಂದು ಒಬ್ಬ ಕೂಗಿದ.

"ಹೌದು ಮತ್ತೆ. ಪಾದ್ರಿ ನಿಲುವಂಗಿ ಹಾಕ್ಕೊಂಡಿದ್ರೆ ಆ ಚೆಂಡು ಅದಕ್ಕಾದ್ರೂ ಸಿಕ್ಕೊಳ್ತಿತ್ತು," ಎಂದ ಇನ್ನೊಬ್ಬ.

ಪಂದ್ಯದಲ್ಲಿ ಎಡಬದಿಯಲ್ಲಿ ಓಡುತ್ತಿದ್ದ ಉರ್ಬಾನೊ ಮಾತ್ರ ಎದ್ದು ಹಿಂದಕ್ಕೆ ಹೋಗಿ ಅವನ ಪಕ್ಕ ಕೂತ. ಆ ಮಾತು ಬಂದದ್ದು ಆಗಲೇ.

ಉರ್ಬಾನೊಗೆ ಚೆಂಡು ಒದೆಯಲು ಕಲಿಸಿದವರು ಕಲ್ಲಿದ್ದಲು ಹಡಗಿನ ಇಂಗ್ಲಿಷ್ ಖಲಾಸಿಗಳು. ವಯ್ಯಾದೊಲಿದ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದಾಗಲೂ ರಜೆಗೆ ಬಂದು ಆಡುತ್ತಿದ್ದ. ಪದವಿ ಸಿಕ್ಕ ದಿನ ಬೂಟುಗಳನ್ನು ಮೊಳೆಗೆ ನೇತುಹಾಕಿದವನು ಮತ್ತೆ ತೆಗೆಯಲಿಲ್ಲ. ಕಾಲಿನ ಆ ವೇಗವೆಲ್ಲ ಆಮೇಲೆ ನಮ್ಮೂರಿನ ಮೆಟ್ಟಿಲುಗಳಿಗೆ ಸವೆಯಿತು. ಹೆರಿಗೆಯ ಮನೆಗೆ ಸೂಲಗಿತ್ತಿಗಿಂತ ಮೊದಲು ಅವನು ಮುಟ್ಟಿರುತ್ತಿದ್ದ. 1918ರ ಇನ್‌ಫ್ಲುಯೆಂಜಾ ಜ್ವರದಲ್ಲಿ ಹದಿನಾರು ದಿನ ಅವನು ಹಾಸಿಗೆ ಕಂಡವನಲ್ಲ.

ನಮ್ಮಲ್ಲಿ ಒಂದು ರೂಢಿಯಿದೆ. ಕೆಟ್ಟ ಕಾಯಿಲೆಯನ್ನು ಡಾಕ್ಟರು ರೋಗಿಗೆ ಹೇಳುವುದಿಲ್ಲ. ನೋಡಿದ ಮೇಲೆ ಅಡುಗೆಮನೆಗೆ ಬಂದು ಕೈ ತೊಳೆಯುತ್ತಾರೆ. ಮನೆಯಾಕೆ ಒಗೆದ ಟವೆಲ್ ಹಿಡಿದು ನಿಂತಿರುತ್ತಾಳೆ. ಹೇಳುವುದನ್ನೆಲ್ಲ ಆ ಟವೆಲಿನ ಹತ್ತಿರ ಹೇಳುತ್ತಾರೆ. ಉರ್ಬಾನೊ ಕೂಡ ಇಪ್ಪತ್ತು ವರ್ಷ ಹಾಗೇ ಮಾಡಿದ್ದ.

1934ರ ಜುಲೈನಲ್ಲಿ ಕನೂತೊನ ಹೊಟ್ಟೆಯಲ್ಲಿ ಗಂಟು ಉರ್ಬಾನೊನ ಕೈಗೆ ಸಿಕ್ಕಿತು. ಅವನು ಸೆಪ್ಟೆಂಬರ್ ದಾಟುವಂತಿರಲಿಲ್ಲ. ಅಡುಗೆಮನೆಯಲ್ಲಿ ಕನೂತೊನ ಹೆಂಡತಿ ಬ್ರಿಹಿದಾ ಟವೆಲ್ ಕೊಡದೆ ಎದೆಗೆ ಅವುಚಿಕೊಂಡು ನಿಂತಳು.

"ಅವರಿಗೆ ಹೇಳ್ಬೇಡಿ ಡಾಕ್ಟ್ರೇ."

"ನಾನು ಅವನಿಗೆ ಮಾತು ಕೊಟ್ಟಿದ್ದೀನಿ, ಬ್ರಿಹಿದಾ."

"ಗೊತ್ತು. ಆ ದೋಣಿ ಕತೆ ನೂರು ಸಲ ಕೇಳಿದ್ದೀನಿ. ನಮ್ಮಪ್ಪನಿಗೂ ಒಬ್ಬ ಸತ್ಯವಂತ ಡಾಕ್ಟ್ರು ಸಿಕ್ಕಿದ್ದ. ಅವನು ಹೇಳಿ ಹೋದ, ಅಪ್ಪ ಗೋಡೆ ಕಡೆ ತಿರುಗಿ ಮಲಗಿದ್ರು. ಒಂದು ಚಮಚ ಸೂಪು ಒಳಗೆ ಹೋಗ್ಲಿಲ್ಲ. ಒಂಬತ್ತೇ ದಿನ. ಇವರು ಇವತ್ತು ಬೆಳಗ್ಗೆ ಬೂತಾಯಿ ಮೀನು ಸುಡು ಅಂದಿದ್ದಾರೆ. ಎರಡು ತಿಂದಿದ್ದಾರೆ."

ಒಳಕೋಣೆಯಿಂದ ಕನೂತೊ ಕೂಗಿದ: "ಕೈ ತೊಳೆಯೋಕೆ ಎಷ್ಟು ಹೊತ್ತೋ ಮಾರಾಯ? ನನ್ನ ಹೊಟ್ಟೆ ಅಷ್ಟೊಂದು ಗಲೀಜಾ?"

ಉರ್ಬಾನೊ ಒದ್ದೆ ಕೈಯಲ್ಲೇ ಒಳಗೆ ಹೋದ. ಕನೂತೊ ದಿಂಬಿಗೆ ಒರಗಿ ಕೂತಿದ್ದ. ಚೆಂಡು ಹಿಡಿದೂ ಹಿಡಿದೂ ಸೊಟ್ಟಗಾಗಿದ್ದ ಬೆರಳುಗಳು ಹೊದಿಕೆಯ ಮೇಲಿದ್ದವು.

"ನೆಟ್ಟಗೆ ಹೇಳು. ಯಾಕೆ ಕೇಳ್ತೀನಿ ಅಂದ್ರೆ, ಮಾತಿಯಾಸ್‌ದೊಂದು ಬಾಕಿಯಿದೆ."

ಮಾತಿಯಾಸ್ ಅವನ ಒಬ್ಬನೇ ಮಗ. ಮೂರು ವರ್ಷದ ಹಿಂದೆ ಅಪ್ಪನ ದೋಣಿ ಬಿಟ್ಟು ಸರಕಿನ ಹಡಗಿಗೆ ಸೇರಿದ್ದ. "ನನ್ನ ದೋಣಿ ಬೇಡವಾದವನಿಗೆ ನನ್ನ ಹೊಸ್ತಿಲೂ ಬೇಡ" ಎಂದು ಕನೂತೊ ಬಂದರಿನಲ್ಲಿ, ಹತ್ತು ಜನರೆದುರು ಹೇಳಿಬಿಟ್ಟಿದ್ದ.

"ನವೆಂಬರಲ್ಲಿ ಸಂತ ಮಾರ್ತಿನನ ಹಬ್ಬಕ್ಕೆ ಅವನ ಹಡಗು ಬರುತ್ತೆ. ಬಾಯಲ್ಲಿ ಅಂದಿದ್ದನ್ನ ಬಾಯಲ್ಲೇ ವಾಪಸು ತಗೋಬೇಕು. ಕಾಗದದಲ್ಲಿ ಅಲ್ಲ. ಆದ್ರೆ ಅಲ್ಲೀತನಕ ನಾನಿರಲ್ಲ ಅಂದ್ರೆ ಹೇಳು, ಇವತ್ತೇ ಕೂತು ಬರೀತೀನಿ. ಇರ್ತೀನಾ?"

ಬಾಗಿಲಲ್ಲಿ ಬ್ರಿಹಿದಾ ನಿಂತಿದ್ದಳು. ಉರ್ಬಾನೊ ಅವಳ ಕೈಯಿಂದ ಟವೆಲ್ ತೆಗೆದುಕೊಂಡು ಒಂದೊಂದೇ ಬೆರಳು ಒರೆಸಿಕೊಂಡ.

"ಇರ್ತೀಯ," ಎಂದ. "ಹುಣ್ಣು ಅಷ್ಟೇ. ಹಬ್ಬಕ್ಕೆ ಹಂದಿ ಕೊಯ್ಯೋವಾಗ ಅದರ ಕಾಲು ಹಿಡಿಯೋನು ನೀನೇ."

ಕನೂತೊ ನಕ್ಕ. "ಬೇರೆ ಯಾವ ಡಾಕ್ಟ್ರು ಹೇಳಿದ್ರೂ ನಂಬ್ತಿರ್ಲಿಲ್ಲ ಕಣೋ. ನೀನು ಹೇಳಿದ್ಯಲ್ಲ, ಸಾಕು."

ಕಾಗದ ಬರೆಯಲಿಲ್ಲ. ಆಗಸ್ಟಿನಲ್ಲಿ ನೋವು ಜಾಸ್ತಿಯಾದಾಗ ಉರ್ಬಾನೊ ದಿನಕ್ಕೆರಡು ಸಲ ಸೂಜಿ ಚುಚ್ಚಿದ. ಪ್ರತಿ ಸಲವೂ ಹೇಳಬೇಕೆಂದುಕೊಂಡು ಬಂದು ಹೇಳದೆ ಹೋದ. ಕೊನೆಯ ವಾರ ಕನೂತೊಗೆ ಹೇಳಿದರೂ ಅರ್ಥವಾಗುವ ಸ್ಥಿತಿಯಿರಲಿಲ್ಲ. ಸೆಪ್ಟೆಂಬರ್ ನಾಲ್ಕಕ್ಕೆ ತೀರಿಕೊಂಡ.

ನವೆಂಬರಿನಲ್ಲಿ ಮಾತಿಯಾಸ್ ಬಂದ. ತಾಯಿಯನ್ನು ನೋಡಿ, ಅಲ್ಲಿಂದ ನೇರವಾಗಿ ಡಾಕ್ಟರ ಮನೆಯ ಮೆಟ್ಟಿಲು ಹತ್ತಿದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಅಪ್ಪ ನನ್ನ ಹೆಸರು ಎತ್ತಿದ್ರಾ, ಡಾಕ್ಟ್ರೇ?"

"ಎತ್ತಿದ. ಅಂದ ಮಾತು ವಾಪಸು ತಗೋಬೇಕು ಅಂದ. ನಿನ್ನ ಮುಖ ನೋಡೇ ಹೇಳ್ಬೇಕು ಅಂತ ಕಾಯ್ತಿದ್ದ."

"ಹಾಗಿದ್ರೆ ಎರಡು ಸಾಲು ಬರೀಬಹುದಿತ್ತಲ್ಲ?"

"ಹಬ್ಬದ ತನಕ ಇರ್ತೀಯ ಅಂತ ನಾನು ಅವನಿಗೆ ಹೇಳಿದ್ದೆ ಕಣಪ್ಪ. ಸುಳ್ಳು ಹೇಳಿದ್ದೆ."

ಮಾತಿಯಾಸ್ ಹಿಂಡಿದ್ದ ಟೋಪಿಯನ್ನು ನೆಟ್ಟಗೆ ಮಾಡಿಕೊಂಡ.

"ಬಿಡಿ ಡಾಕ್ಟ್ರೇ. ಸಾವಾದ ಮನೆಯವರಿಗೆ ಹೀಗೆ ಏನಾದ್ರೂ ಸಮಾಧಾನ ಹೇಳೋದು ನಿಮ್ಮ ಕಸುಬು. ಉಪಕಾರ ಆಯ್ತು."

ಟೋಪಿ ಹಾಕಿಕೊಂಡು ಮೆಟ್ಟಿಲಿಳಿದು ಹೋದ. ಉರ್ಬಾನೊ ಕೂಗಿ ಕರೆದ. ಅವನು ತಿರುಗಲಿಲ್ಲ.

1907ರಲ್ಲಿ ದೋಣಿಯ ಮೇಲೆ ಕೊಟ್ಟ ಮಾತನ್ನು ಉರ್ಬಾನೊ 1934ರ ಜುಲೈನಲ್ಲಿ ಮುರಿದ.