ದಿಕ್ಕು ಮರೆಯದ ಸುಳಿ

ಮೇಜು ಬಾಗಿಲಲ್ಲಿ ಸಿಕ್ಕಿಕೊಂಡಿತು. ಆಸ್ಪತ್ರೆಯಿಂದ ಬಂದ ದೇಹವನ್ನು ಮಲಗಿಸಲು ನಡುಮನೆಯಲ್ಲಿ ಜಾಗವಾಗಬೇಕಿತ್ತು. ಒಂದು ತುದಿಯನ್ನು ಕಾಲೇಜಿನ ಭೌತಶಾಸ್ತ್ರ ವಿಭಾಗದ ಹಿಂದಿನ ಮುಖ್ಯಸ್ಥರು, ಇನ್ನೊಂದನ್ನು ಪಕ್ಕದ ಮನೆಯ ಡ್ರೈವರು ಹಿಡಿದು, ಅಡ್ಡ ಮಾಡಿ, ಓರೆ ಮಾಡಿ, ಅಂತೂ ಹೊರಗೆ ತಂದರು. ಮುಖ್ಯಸ್ಥರಿಗೆ ಇಂಥ ಕೆಲಸವೇ ಬೇಕಾಗಿತ್ತು. ಸುಮ್ಮನೆ ಕೂತರೆ ತೀರಿಹೋದ ಗೆಳೆಯ ಸುಳಿ ಮೇಷ್ಟ್ರ ಮುಖ ನೋಡಬೇಕಾಗುತ್ತಿತ್ತು.

ಆ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಎಲ್ಲಿ ನೀರು ಹರಿದರೂ ಮೇಷ್ಟ್ರು ಬಗ್ಗಿ ನೋಡಬೇಕು. ಮದುವೆಮನೆಯಲ್ಲಿ ಕೈ ತೊಳೆಯಲು ಹೋದವರು ತೊಟ್ಟಿಯ ಮುಂದೆಯೇ ಮೈಮರೆತು ನಿಂತು, ಹಿಂದಿನವರಿಂದ ಬೈಸಿಕೊಂಡದ್ದೂ ಉಂಟು. ಅವರೂ ಮುಖ್ಯಸ್ಥರೂ ಒಟ್ಟಿಗೆ ಓದಿ ಒಂದೇ ಕಾಲೇಜಿಗೆ ಸೇರಿದವರು. ಇವರು ಮೇಲೇರಿದರು, ಮೇಷ್ಟ್ರು ಸೇರಿದ ಹುದ್ದೆಯಲ್ಲೇ ನಿವೃತ್ತರಾದರು.

ಅಂಗಳದಲ್ಲಿ ಮೇಷ್ಟ್ರ ಮಗಳು ಬಕೆಟ್ಟಿಗೆ ನೀರು ಬಿಡುತ್ತಿದ್ದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

"ಮಾವ, ಅಪ್ಪ ಅಷ್ಟು ವರ್ಷ ಏನು ಮಾಡ್ತಿದ್ರು? ನಾನು ಒಂದಿನಾನೂ ಕೂತು ಕೇಳ್ಲಿಲ್ಲ. ಈಗ ಯಾರಾದ್ರೂ ಕೇಳಿದ್ರೆ ಹೇಳೋಕೆ ಬರಲ್ಲ, ನಾಚಿಕೆ ಆಗುತ್ತೆ."

ಮುಖ್ಯಸ್ಥರು ತೋಳು ಮಡಿಸುವುದನ್ನೂ ಮರೆತು ಬಕೆಟ್ಟಿಗೆ ಕೈಯಿಳಿಸಿ ಜೋರಾಗಿ ತಿರುವಿದರು. ದೊಡ್ಡ ಸುಳಿ ಒಡೆದು ಚಿಕ್ಕದಾಗುತ್ತದೆ, ಅದೂ ಒಡೆದು ಇನ್ನೂ ಚಿಕ್ಕದಾಗುತ್ತದೆ ಎಂದು ತೋರಿಸಿದರು. ದೊಡ್ಡದನ್ನು ನೋಡಿದರೆ ಕೈ ಯಾವ ಕಡೆಗೆ ತಿರುಗಿತೆಂದು ತಿಳಿಯುತ್ತದೆ. ತೀರಾ ಸಣ್ಣವು ಅದನ್ನು ಮರೆತುಬಿಡುತ್ತವೆ, ಯಾವ ದಿಕ್ಕಿನಿಂದ ಅಳೆದರೂ ಒಂದೇ ಥರ ಇರುತ್ತವೆ ಎಂಬುದು ಪಾಠದ ಮಾತು.

"ನಿಮ್ಮಪ್ಪ ಅಳೆದು ನೋಡಿ, ಪೂರ್ತಿ ಮರೆಯಲ್ಲ ಅಂದ್ರು. ಎಷ್ಟೇ ಸಣ್ಣದಾದ್ರೂ, ತಿರುವಿದ ಕೈಯ ಗುರುತು ಒಂಚೂರು ಉಳ್ಕೊಂಡಿರುತ್ತೆ ಅಂತ."

ಮಗಳು ಕಣ್ಣೊರೆಸಿಕೊಂಡು, ಇದನ್ನು ಅಮ್ಮನಿಗೂ ಹೇಳಿ ಕರೆತರಲು ಒಳಗೆ ಓಡಿದಳು.

*

ವರ್ಷಗಳ ಹಿಂದೆ, ಬಡ್ತಿಯ ಸಮಿತಿಯ ಮುಂದೆ ಈ ಅಳತೆಯ ಬಗ್ಗೆ ಮೇಷ್ಟ್ರು ಬರೆದ ಪ್ರಬಂಧ ಬಂದಾಗ ಎಲ್ಲರೂ ಮುಖ್ಯಸ್ಥರ ಮುಖ ನೋಡಿದ್ದರು. ಅದನ್ನು ಅವರು ಮೊದಲೇ ಓದಿ, ಹೊಟ್ಟೆ ಉರಿದುಕೊಂಡಿದ್ದರು. ಸಣ್ಣ ಸುಳಿ ದಿಕ್ಕು ಮರೆಯುತ್ತದೆ ಎಂಬುದರ ಮೇಲೇ ಅವರ ಪಠ್ಯಪುಸ್ತಕ ನಿಂತಿತ್ತು. ತಪ್ಪು ಹುಡುಕಿದರೆ ತಪ್ಪು ಸಿಗಲಿಲ್ಲ.

"ನನಗೇ ಅರ್ಥ ಆಗ್ಲಿಲ್ಲ" ಎಂದು ಅವರು ನಕ್ಕರು. ಉಳಿದವರೂ ನಕ್ಕರು. ಹೊರಗೆ ಬೆಂಚಿನ ಮೇಲೆ ಕಾದಿದ್ದ ಗೆಳೆಯನಿಗೂ ಅದನ್ನೇ ಹೇಳಿ, ತಡವಾಯಿತೆಂದು ಹೊರಟುಬಿಟ್ಟರು.

*

ಮೇಷ್ಟ್ರ ಹೆಂಡತಿ ಬಂದು ಬಕೆಟ್ಟನ್ನು ನೋಡಿದರು, ಮುಖ್ಯಸ್ಥರನ್ನೂ ನೋಡಿದರು.

"ನಿಮಗೆ ಅರ್ಥ ಆಗ್ಲಿಲ್ಲ ಅಂತ ತುಂಬಾ ನೊಂದ್ಕೊಂಡಿದ್ರು, ಅಣ್ಣ. ತಪ್ಪು ನಂದೇ, ಅವನಿಗೆ ತಿಳಿಯೋ ಹಾಗೆ ಬರೆಯೋಕೆ ಬರ್ಲಿಲ್ಲ ಅನ್ನೋರು. ಅಡುಗೆಮನೇಲಿ ನನ್ನ ಕೂರಿಸ್ಕೊಂಡು ಹೇಳಿ ಹೇಳಿ ಅಭ್ಯಾಸ ಮಾಡೋರು. ಮೊನ್ನೆ ಆಸ್ಪತ್ರೇಲೂ ಅದೇ ಮಾತು, ಅವನು ಬಂದ್ರೆ ಈ ಸಲ ಸರಿಯಾಗಿ ಹೇಳ್ತೀನಿ ಅಂತ."

ಆ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಮುಖ್ಯಸ್ಥರಿಗೆ ಎಷ್ಟೋ ವಾಸಿಯಾಗಿತ್ತು.

"ಅಂತೂ ನಿಮಗೆ ಅರ್ಥ ಆಯ್ತಲ್ಲ. ಇದ್ದಿದ್ರೆ ಎಷ್ಟು ಖುಷಿಪಡೋರು" ಎಂದ ಆಕೆ ಸ್ವಲ್ಪ ತಡೆದು ಕೇಳಿದರು. "ಯಾವಾಗ ಅರ್ಥ ಆಯ್ತು, ಅಣ್ಣ?"

ಮುಖ್ಯಸ್ಥರಿಗೆ ನಾಚಿಕೆಯಿಂದ ಕಿವಿಯವರೆಗೂ ಬಿಸಿಯೇರಿತು. ಒಳಗಿನಿಂದ ಡ್ರೈವರು, ಹೆಗಲು ಕೊಡಲು ಒಬ್ಬರು ಕಮ್ಮಿ ಎಂದು ಕೂಗಿದರು.

"ನೀವೇ ಮುಂದೆ ನಿಲ್ಲಿ. ಅವರಿಗೆ ನಿಮ್ಮಷ್ಟು ಹತ್ತಿರದವರು ಇನ್ಯಾರಿದ್ರು" ಎಂದ ಆಕೆ ಹಗ್ಗದ ಮೇಲಿದ್ದ ಟವೆಲ್ಲು ಎಳೆದು, ನೀರು ತೊಟ್ಟಿಕ್ಕುತ್ತಿದ್ದ ಆ ಕೈಯನ್ನು ತಾವೇ ಹಿಡಿದು, ಮಕ್ಕಳಿಗೆ ಒರೆಸುವ ಹಾಗೆ ಒಂದೊಂದೇ ಬೆರಳು ಒರೆಸತೊಡಗಿದರು. ಮುಖ್ಯಸ್ಥರು ಕೈ ಎಳೆದುಕೊಳ್ಳಲಾರದೆ, ಚಾಚಿಕೊಂಡೇ ನಿಂತಿದ್ದರು.